ನನ್ನ ಹೆಸರಿನಲ್ಲಿ ಮಲಗಿದವಳು

ನೈರೋಬಿಯ ಲಂಗಾಟಾದ ಬಾಡಿಗೆ ಮನೆಯಲ್ಲಿ ನಾನು ಬಾಣಂತಿಯಾಗಿದ್ದಾಗ, ಮಂಗಳೂರಿನಿಂದ ಬಂದ ಅಮ್ಮ ನನ್ನನ್ನು ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು. ಹೊರಗಿನಿಂದ ಬರುತ್ತಿದ್ದವಳೆಂದರೆ ಬಟ್ಟೆ ಮಾರುವ ಕಾಂಗೋದ ಹೆಂಗಸೊಬ್ಬಳೇ. ಅವಳ ಜನಾಂಗದವರನ್ನು ಊರಿನಿಂದ ಹೊಡೆದೋಡಿಸಿದ್ದರು. ಕಾನೂನಿನಂತೆ ಕೀನ್ಯಾದ ಉತ್ತರದ ನಿರಾಶ್ರಿತರ ಶಿಬಿರದಲ್ಲಿ ಇರಬೇಕಾದವಳು ನೈರೋಬಿಯಲ್ಲಿ ಕದ್ದು ಬದುಕುತ್ತಿದ್ದಳು. ನನ್ನ ಹೆರಿಗೆಯ ಆಸುಪಾಸಿನಲ್ಲೇ ಅವಳೂ ತನ್ನ ಕೋಣೆಯಲ್ಲಿ ಒಬ್ಬಳೇ ಹೆತ್ತಿದ್ದಳು. ಅವಳಿಗೆಲ್ಲಿಯ ಬಾಣಂತನ! ಮಗುವನ್ನು ಬೆನ್ನಿಗೆ ಕಟ್ಟಿ, ಬಟ್ಟೆಯ ಗಂಟು ತಲೆಗೇರಿಸಿ ಹೊರಟೇಬಿಟ್ಟಿದ್ದಳು. ಅಮ್ಮ ಕೊಂಕಣಿಯಲ್ಲಿ ಬೈಯುತ್ತಲೇ ಅವಳಿಗೂ ಬಿಸಿ ಗಂಜಿ, ಮೆಣಸಿನ ಸಾರು ಬಡಿಸುತ್ತಿದ್ದರು.

ಒಂದು ಶನಿವಾರ ಅವಳು ನಮ್ಮ ಬಾಗಿಲಲ್ಲೇ ಕುಸಿದಳು. ಮೈ ಕೆಂಡ, ಉಟ್ಟ ಬಟ್ಟೆಯೆಲ್ಲ ರಕ್ತ. ಕ್ಲಿನಿಕ್ಕಿನಲ್ಲಿ ಗುರುತಿನ ಚೀಟಿ ಕೇಳಿ ವಾಪಸು ಕಳಿಸಿದ್ದರಂತೆ. ದೊಡ್ಡ ಆಸ್ಪತ್ರೆ ಎಂದೊಡನೆ "ಪೊಲಿಸಿ, ಪೊಲಿಸಿ" ಎಂದು ನಡುಗಿದಳು.

ನನಗೆ ಸಿಟ್ಟು ಬಂದರೆ ಹಿಂದುಮುಂದು ಕಾಣುವುದಿಲ್ಲ. ನನ್ನ ಇನ್ಶೂರೆನ್ಸ್ ಕಾರ್ಡನ್ನು ಗಂಡನ ಕೈಗಿಟ್ಟೆ. ಅದರಲ್ಲಿ ಫೋಟೋ ಇರಲಿಲ್ಲ. ನಮ್ಮ ಕ್ರೈಸ್ತ ಹೆಸರು ಕಾಂಗೋದವಳಿಗೂ ಒಪ್ಪುತ್ತಿತ್ತು.

"ನಾನು ಹೆತ್ತ ಆಸ್ಪತ್ರೆಗೇ ಕರ್ಕೊಂಡು ಹೋಗಿ. ನನ್ನ ಹೆಸರು ಹೇಳಿ ಸೇರಿಸಿ."

"ಸಿಕ್ಕಿಬಿದ್ರೆ ನನ್ನ ವರ್ಕ್ ಪರ್ಮಿಟ್ ಗತಿ ಏನೇ?"

"ಇವಳ ಗತಿ?"

ಅವರು ಅವಳನ್ನು ಕಾರಿಗೆ ಹತ್ತಿಸಿದರು. ಅಪ್ಪರ್ ಹಿಲ್‌ನ ಆ ಆಸ್ಪತ್ರೆಯಲ್ಲಿ ಯಾರೂ ಮುಖ ನೋಡಲಿಲ್ಲವಂತೆ, ಕಾರ್ಡು ನೋಡಿ ಒಳಗೆ ಬಿಟ್ಟರಂತೆ. ಅವಳ ಮಗು ನಮ್ಮಲ್ಲೇ ಉಳಿಯಿತು. ಎರಡಕ್ಕೂ ನಾನೇ ಹಾಲು ಕೊಟ್ಟೆ.

ಮರುದಿನ ಬೆಳಿಗ್ಗೆ ಫೋನ್ ಬಂತು. ಗಂಡ ರಿಸೀವರಿಗೆ ಕೈ ಅಡ್ಡ ಹಿಡಿದರು.

"ನಿನಗೆ ರಕ್ತ ಕೊಡ್ಬೇಕಂತೆ. ಗ್ರೂಪ್ ಹೆರಿಗೆ ಫೈಲಲ್ಲೇ ಇದೆ, ಈಗ್ಲೇ ಹಾಕ್ತೀವಿ ಅಂತಿದಾರೆ."

ಫೈಲಿನಲ್ಲಿದ್ದದ್ದು ನನ್ನ ಗ್ರೂಪು. ಅವಳದ್ದು ಯಾವುದೋ! ಇನ್ನೊಮ್ಮೆ ಪರೀಕ್ಷೆ ಮಾಡದೆ ಕೊಡುತ್ತಾರೆಯೇ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ, ಧೈರ್ಯ ಬರಲಿಲ್ಲ. ಸುಮ್ಮನಿದ್ದರೆ ಅವಳು ಸಾಯಬಹುದು. ಬಾಯಿಬಿಟ್ಟರೆ ಪೊಲೀಸರು, ಶಿಬಿರ.

ಪರ್ಮಿಟ್ಟಿಗೆ ಹೆದರಿದ್ದ ಗಂಡನೇ ಫೋನಿನಲ್ಲಿ ಹೇಳಿದರು: "ಸಿಸ್ಟರ್, ಆ ರಕ್ತ ಕೊಡ್ಬೇಡಿ. ಅವಳು ನನ್ನ ಹೆಂಡತಿ ಅಲ್ಲ."

ಆ ದಿನ ಅಮ್ಮನೂ ತಡೆಯಲಿಲ್ಲ. ನನ್ನ ತಲೆಗೆ ತಾವೇ ಸ್ಕಾರ್ಫು ಬಿಗಿದು, ಅವಳ ಮಗುವನ್ನು ಮಡಿಲಿಗೆ ಹಾಕಿ ಆಸ್ಪತ್ರೆಗೆ ಕಳಿಸಿದರು.

ಪರೀಕ್ಷೆ ಮಾಡಿದ ಬೇರೆ ರಕ್ತ ಅವಳಿಗೆ ಏರುತ್ತಿತ್ತು. ಕಣ್ಣು ಬಿಟ್ಟಿದ್ದಳು. ಮಗುವನ್ನು ಕಂಡು ಕೈಚಾಚಿ, "ಅಸಾಂಟೆ" ಎಂದು ಸ್ವಾಹಿಲಿಯಲ್ಲಿ ಉಪಕಾರ ನೆನೆದಳು. ಮಂಚದ ಪಕ್ಕದ ಕುರ್ಚಿಯಲ್ಲಿ ಪೊಲೀಸಿನವನು ಕೂತಿದ್ದ.

"ಇವಳ ನಿಜವಾದ ಹೆಸರೇನು?" ಎಂದು ನನ್ನನ್ನು ಕೇಳಿದ.

ನಾನು ಗಂಡನ ಮುಖ ನೋಡಿದೆ. ಇಷ್ಟು ದಿನ ಅವಳಿಗೆ ಗಂಜಿ ಬಡಿಸಿದ್ದ ಮನೆಯಲ್ಲಿ, ಅವಳ ಹೆಸರು ಯಾರಿಗೂ ಗೊತ್ತಿರಲಿಲ್ಲ.