ಅಂಜನಮ್ಮನ ವೀರಗಲ್ಲು

ಅರೆಕೆರೆ ಹಳ್ಳಿಯಾಗಿದ್ದ ಕಾಲದ ಮನೆಗಳಲ್ಲಿ ಬೈರಣ್ಣನದೂ ಒಂದು. ಈಗ ಅದು ನಾಲ್ಕು ಮಹಡಿ ಏರಿದೆ, ಮೂರರಲ್ಲಿ ಬಾಡಿಗೆಯವರು. ನೆಲಮಹಡಿಯ ಹಿಂದಿನ ಕೋಣೆ ಅವನ ಅಕ್ಕ ಅಂಜನಮ್ಮನದು. ಇಪ್ಪತ್ತಕ್ಕೇ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ ತವರಿಗೆ ಬಂದವಳಿಗೆ ಈಗ ಅರವತ್ತೆಂಟು.

ಬಂದ ಹೊಸತರಲ್ಲಿ ಅವಳನ್ನು ಸೀಮಂತಕ್ಕಾಗಲಿ, ಆರತಿಗಾಗಲಿ ಯಾರೂ ಕರೆಯುತ್ತಿರಲಿಲ್ಲ. ಬರಬೇಡವೆಂದು ಬಾಯಿಬಿಟ್ಟು ಹೇಳಿದವರೂ ಇಲ್ಲ. ಒಂದು ಸೋಮವಾರ ಅವಳ ಅಜ್ಜಿ ಕೈಗೆ ಎಣ್ಣೆಬಟ್ಟಲು ಕೊಟ್ಟು ಊರ ಮುಂದಿನ ವೀರಗಲ್ಲಿಗೆ ಕರೆದುಕೊಂಡು ಹೋದಳು. ಇದು ಸತ್ತವನ ಕಲ್ಲು, ಇದನ್ನು ತೊಳೆಯಲು ಮುತ್ತೈದೆಯೇ ಆಗಬೇಕೆಂದಿಲ್ಲ, ಗಂಡ ಇಲ್ಲದವಳು ತೊಳೆಯುವುದೇ ನಮ್ಮ ಮನೆಯ ಪದ್ಧತಿ ಎಂದಳು. ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕೆಂದೂ ಹೇಳಿಕೊಟ್ಟಳು. ಎದೆಯೆತ್ತರದ ಕಲ್ಲಿನಲ್ಲಿ ಮೂರು ಪಟ್ಟಿಕೆಗಳು. ಕೆಳಗೆ ಯುದ್ಧ, ಯಾರೋ ಹೊಡೆದುಕೊಂಡು ಹೋಗುತ್ತಿರುವ ಊರ ದನಗಳ ಹಿಂದೆ ಬಿಲ್ಲು ಹಿಡಿದು ವೀರ ಒಬ್ಬನೇ ನಿಂತಿದ್ದಾನೆ. ನಡುವೆ ಅವನನ್ನು ಎರಡೂ ಕಡೆಯಿಂದ ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲೆ ಸೂರ್ಯ, ಚಂದ್ರ, ಲಿಂಗ. ಅದರ ಮುಂದೆ ಕೈಮುಗಿದು ಕೂತವನೂ ಅವನೇ.

ಅವಳು ಬಂದ ಮೂರನೇ ವರ್ಷ ಊರಿಗೆ ಡಾಂಬರು ಬಂತು. ಆಮೇಲೆ ರಸ್ತೆ ಏರಿಸಿದಷ್ಟೂ ಸಲ ಕಲ್ಲು ಇಳಿಯಿತು, ಕೆಳಗಿನ ಪಟ್ಟಿಕೆ ಮಣ್ಣು ಸೇರಿತು. ಉಳಿದೆರಡನ್ನು ಅಂಜನಮ್ಮ ಸೋಮವಾರ ತಪ್ಪಿಸದೆ ತೊಳೆದಳು. ಬೀಗರು ಬರುವ ದಿನ ಹಿತ್ತಾಳೆ ಪಾತ್ರೆ ಬೆಳಗುವಂತೆ ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ತಿಕ್ಕುವಳು. ಮನೆಯಲ್ಲಿ ಬೇರೆ ಯಾವ ಕೆಲಸಕ್ಕೂ ಅವಳೇ ಆಗಬೇಕೆಂದಿರಲಿಲ್ಲ. ಇದಕ್ಕೆ ಅವಳೇ ಆಗಬೇಕಿತ್ತು.

ಈ ವರ್ಷ ಬಡಾವಣೆಯ ಸಂಘದವರು ಕಲ್ಲಿನ ಸುತ್ತ ಕಾಂಕ್ರೀಟ್ ಕಟ್ಟೆ ಹಾಕಿ, ಗ್ರಿಲ್ ನಿಲ್ಲಿಸುವುದೆಂದು ತೀರ್ಮಾನಿಸಿದರು. ಅಂಜನಮ್ಮ ತಮ್ಮನ ಬಳಿ ಹೋಗಿ, ಕಲ್ಲನ್ನು ಮೇಲೆತ್ತಿಸಿ ಆಮೇಲೆ ಕಟ್ಟೆ ಹಾಕಲಿ, ಕೆಳಗೆ ಯುದ್ಧದ ಪಟ್ಟಿಕೆ ಇದೆ ಎಂದಳು. ಬೈರಣ್ಣನಿಗೆ ಅದನ್ನು ನೋಡಿದ ನೆನಪೇ ಇರಲಿಲ್ಲ.

“ಸ್ವರ್ಗ ಸಿಕ್ಕಾಯ್ತಲ್ಲಕ್ಕ ಅವನಿಗೆ. ಇನ್ನು ಜಗಳ ಕಟ್ಕೊಂಡು ಏನಾಗ್ಬೇಕು?”

“ಯಾತಕ್ಕೆ ಸತ್ತ ಅನ್ನೋದೇ ಕಾಣ್ದಿದ್ರೆ ಸತ್ತಿದ್ದೇನು ಬಂತೋ, ಬೈರ?”

ಬೈರಣ್ಣ ನಕ್ಕು ಫೋನ್ ಎತ್ತಿಕೊಂಡ. ಅವಳೇ ಹೋಗಿ ಸಂಘದಲ್ಲಿ ಕೇಳಿದರೆ, ಅಜ್ಜಿಗೆ ವಯಸ್ಸಾಯಿತು ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಕಾಂಕ್ರೀಟ್ ಹಾಕುವುದು ಸೋಮವಾರಕ್ಕೆ ನಿಗದಿಯಾಗಿತ್ತು.

ಆ ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಅಂಜನಮ್ಮ ಕಳೆ ತೆಗೆಯುವ ಗುದ್ದಲಿ ಹಿಡಿದು ಕಲ್ಲಿನ ಬುಡದಲ್ಲಿ ಕೂತಿದ್ದಳು. ಕೆಲಸ ಒಪ್ಪಿಕೊಂಡಿದ್ದ ಕಲ್ಲುಕುಟಿಗ ಮೌನೇಶ ಬಂದಾಗ ಒಂದು ಗೇಣು ಅಗೆದಾಗಿತ್ತು. ಬಗ್ಗಿ ಒಂದು ದನದ ಕೊಂಬು ಕಂಡವನೇ ಹಾರೆ ತೆಗೆದುಕೊಂಡ. ಸಂಘದವರಿಗೆ ಫೋನ್ ಮಾಡಿ ಕಾಂಕ್ರೀಟ್ ನಿಲ್ಲಿಸಿ ಎಂದವನೂ ಅವನೇ.

ಎಂಟೂವರೆಗೆ ಪಟ್ಟಿಕೆ ಪೂರ್ತಿ ಹೊರಬಂತು. ಮೌನೇಶ ನೀರು ಸುರಿದು ಕೈಯಲ್ಲೇ ಮಣ್ಣು ಸವರಿದ. ದನಗಳ ಕೊರಳಗಂಟೆ, ಬಿಲ್ಲಿನ ಹೆದೆ, ಹೆದೆ ಎಳೆದ ಬೆರಳಿನ ಉಗುರು, ಎಲ್ಲ ನಿನ್ನೆ ಕೆತ್ತಿದಂತಿದ್ದವು. ಬಿಲ್ಲು ಹಿಡಿದವನಿಗೆ ಮೀಸೆಯಿತ್ತು. ಸಣ್ಣ ವಯಸ್ಸು, ಇಪ್ಪತ್ತೈದು ದಾಟಿರಲಾರದು. ಅಂಜನಮ್ಮ ಕಣ್ಣೆತ್ತಿ ಮೇಲಿನ ಪಟ್ಟಿಕೆಗಳನ್ನು ನೋಡಿದಳು. ಅಪ್ಸರೆಯರಿಗೆ ಮೂಗಿಲ್ಲ, ಕಣ್ಣಿಲ್ಲ. ಲಿಂಗದ ಮುಂದೆ ಕೂತವನ ಮುಖ ಬಳಸಿ ಸವೆದ ಸೋಪಿನಂತಿತ್ತು. ಮೊದಲಿಂದಲೂ ಹೀಗೇ ಎಂದುಕೊಂಡಿದ್ದಳು.

“ಮೇಲಿನವಕ್ಕೂ ಇಷ್ಟೇ ಮುಖ ಇತ್ತಮ್ಮ,” ಎಂದ ಮೌನೇಶ. “ಬಳಪದ ಜಾತಿ ಕಲ್ಲು, ಮೆತ್ಗೆ. ಯಾರೋ ತಿಕ್ಕಿ ತಿಕ್ಕಿ ಕಳ್ದುಬಿಟ್ಟವ್ರೆ.”

ಅಂಜನಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ಒರೆಸಿದ ಮೇಲೂ ಒರೆಸುತ್ತಲೇ ಇದ್ದಳು.

“ನಾನೇ ಕಣಪ್ಪ,” ಎಂದಳು. “ನಲವತ್ತೆಂಟು ವರ್ಷ.”

ಮೌನೇಶ ತಲೆ ತಗ್ಗಿಸಿ, ಹಾರೆಯ ತುದಿಗಂಟಿದ ಮಣ್ಣನ್ನು ಬಿಡಿಸುತ್ತ ಕೂತ. ಅವಳು, ಯಾರೂ ಮುಟ್ಟದೆ ಬಿಟ್ಟರೆ ಈ ಕೆಳಗಿನದು ಎಷ್ಟು ಕಾಲ ಉಳಿದೀತು ಎಂದು ಕೇಳಿದಳು. ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳೂ ನೋಡಬಹುದು ಎಂದ.

ಅಷ್ಟರಲ್ಲಿ ಬೈರಣ್ಣ ಸಂಘದ ಇಬ್ಬರನ್ನು ಕರೆದುಕೊಂಡು ಬಂದ. ಉಗುರಿನವರೆಗೂ ಕೆತ್ತಿದ ಆ ಬಿಲ್ಲುಗಾರನನ್ನು ಮೂವರೂ ಬಗ್ಗಿ ನೋಡಿದರು. ಕಲ್ಲನ್ನು ಎತ್ತಿಯೇ ನಿಲ್ಲಿಸುವುದೆಂದು ಅಲ್ಲೇ ನಿಂತು ಒಪ್ಪಿದರು. ಬೈರಣ್ಣ ಅಕ್ಕನ ಪಕ್ಕ ಬಂದು, ಗ್ರಿಲ್ ಹಾಕಿದ ಮೇಲೆ ಬೀಗದ ಕೈ ನಿನ್ನ ಹತ್ತಿರವೇ ಇರಲಿ, ಪೂಜೆ ನಿನ್ನದೇ ಅಲ್ಲವೇ ಎಂದ. ತಪ್ಪೊಪ್ಪಿಕೊಂಡಂತಿತ್ತು ಅವನ ದನಿ.

“ಬೇಡ, ಸಂಘದವ್ರೇ ಇಟ್ಕೊಳ್ಲಿ. ಎಣ್ಣೆ ನೀರು ಯಾರೂ ಹಾಕ್ಬಾರ್ದು ಅಂತ ಬೋರ್ಡ್ ಬರ್ಸು.”

“ನೀನೂ ಹಾಕಲ್ವಾ?”

“ಯಾರೂ ಅಂದ್ನಲ್ಲೋ.”

ಮನೆಗೆ ಬಂದಾಗ ಒಂಬತ್ತೂ ಆಗಿರಲಿಲ್ಲ. ಸೋಮವಾರ ಅವಳು ಇಷ್ಟು ಬೇಗ ಬಂದದ್ದೇ ಇಲ್ಲ. ತಮ್ಮನ ಹೆಂಡತಿ ಆಶ್ಚರ್ಯಪಟ್ಟು, ತಿಂಡಿ ಇನ್ನೂ ಆಗಿಲ್ಲ, ಕಾಫಿ ಕೊಡಲೇ ಎಂದಳು. ಕೊಡು ಎಂದು ಅಂಜನಮ್ಮ ಹಿಂದಿನ ಕೋಣೆಯ ಬಾಗಿಲಲ್ಲಿ ಕೂತಳು. ಲೋಟ ಬಂತು. ಮಧ್ಯಾಹ್ನದವರೆಗೂ ಮಾಡುವುದೇನೂ ಇರಲಿಲ್ಲ, ನಿಧಾನವಾಗಿ ಕುಡಿದಳು.