ಭಿಕ್ಷೆಯ ಸಾಲಿನಲ್ಲೊಬ್ಬ ಸಾಹೇಬ

ಭಿಕ್ಷೆ ಬೇಡುವುದರಲ್ಲೂ ವಿಐಪಿ ಕೋಟಾ ಇದೆ ಎಂದು ಕಳೆದ ಗುರುವಾರದವರೆಗೆ ನನಗೆ ಗೊತ್ತಿರಲಿಲ್ಲ.

ಹರಕೆ ತೀರಿಸಲು ನರೋಣಾದ ಚಿಕ್ಕಮ್ಮನನ್ನು ಗಾಣಗಾಪುರಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿಯ ರೂಢಿ ನಿಮಗೆ ಗೊತ್ತಲ್ಲ? ಮಧ್ಯಾಹ್ನ ದತ್ತ ಮಹಾರಾಜರೇ ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುತ್ತಾರೆಂಬ ನಂಬಿಕೆ. ಹಾಗಾಗಿ ಲಕ್ಷಾಧೀಶನೂ ಜೋಳಿಗೆ ಹಿಡಿದು ಐದು ಮನೆ ಬೇಡಬೇಕು. ಚಿಕ್ಕಮ್ಮ ಬೆಳಿಗ್ಗೆಯಿಂದ ಚಹಾ ಕೂಡ ಮುಟ್ಟಿರಲಿಲ್ಲ. ನಾಲ್ಕು ಮನೆ ಮುಗಿದಿತ್ತು. ಐದನೆಯದು ಸಿಕ್ಕರೆ ಹರಕೆ ತೀರಿತು, ಇಲ್ಲವಾದರೆ ದಿನವಿಡೀ ಉಪವಾಸ. (ಮೊಣಕಾಲು ನೋವಿನ ಮಾತ್ರೆಯೂ ಊಟವಾದ ಮೇಲೆಯೇ!)

ಉದ್ದನೆಯ ಸಾಲಿನಲ್ಲಿ ನಿಂತು ಕೊನೆಗೂ ಒಂದು ಮನೆಯ ಹೊಸ್ತಿಲ ಹತ್ತಿರ ಬಂದೆವು. ಮನೆಯವರು ಭಿಕ್ಷೆಗೆಂದು ಇಟ್ಟಿದ್ದ ರೊಟ್ಟಿ ಪಾತ್ರೆಯ ತಳ ಕಾಣುತ್ತಿತ್ತು. ಅಷ್ಟರಲ್ಲಿ ನಾವು ಇಳಿದುಕೊಂಡಿದ್ದ ಲಾಡ್ಜಿನ ಮಾಲೀಕ, ಅಗಲ ಟೋಪಿಯ ಬಿಳಿಯನೊಬ್ಬನನ್ನು ಸಲಾಂ ಹೊಡೆಯುತ್ತ ಕರೆತಂದ.

“ಹಾದಿ ಬಿಡ್ರಿ, ಹಾದಿ ಬಿಡ್ರಿ! ಸಾಹೇಬ್ರು ಬಂದಾರ!”

ಬಿಟ್ಟರಲ್ಲ! ಸಾಲಿಗೆ ಸಾಲೇ ಪಕ್ಕಕ್ಕೆ ಸರಿಯಿತು. ಒಬ್ಬ ರಿಟೈರ್ಡ್ ಪ್ರೊಫೆಸರ್ ಕೈ ಬೇರೆ ಮುಗಿದ. ಥೂ! ಬ್ರಿಟಿಷರ ವಿರುದ್ಧ ಕತ್ತಿ ಹಿರಿದ ಸುರಪುರ ಇಲ್ಲಿಂದ ಮಹಾ ಎಷ್ಟು ದೂರ?

ಮಾಲೀಕ ನನ್ನತ್ತ ತಿರುಗಿದ. “ಏನೇ ಅನ್ರಿ ಸರ್, ಬ್ರಿಟಿಷರ ಕಾಲದಾಗ ಡಿಸಿಪ್ಲಿನ್ ಇತ್ರಿ. ಅವ್ರೇ ಇದ್ದಿದ್ರ ಈ ಲೈನ್ ಹಿಂಗ ಇರ್ತಿತ್ತೇನು?”

ಲೈನ್ ಮುರಿದವನ ಬಾಯಲ್ಲಿ ಡಿಸಿಪ್ಲಿನ್! (ಈ ಭಾಗವನ್ನು ಆಳಿದ್ದು ನಿಜಾಮ ಎಂಬುದೂ ಮಹಾಶಯನಿಗೆ ಮರೆತಿದೆ. ನಿಜಾಮನನ್ನು ಬ್ರಿಟಿಷರು ಆಳುತ್ತಿದ್ದರು, ಅದು ಬೇರೆ ಮಾತು.)

ಚಿಕ್ಕಮ್ಮ ಮಾತ್ರ ಜಾಗ ಬಿಡಲಿಲ್ಲ. ಸೆರಗು ಸಿಗಿಸಿಕೊಂಡು ಹೊಸ್ತಿಲಿಗೆ ಅಡ್ಡ ನಿಂತಳು.

“ನಾ ಯಾಕ ಸರೀಲಿ? ದತ್ತನ ಮುಂದ ಎಲ್ಲಾರೂ ಬೇಡಾವ್ರೇ. ನಿನ್ನ ಸಾಹೇಬಗ ಹಿಂದ ಹೋಗಿ ನಿಂದ್ರು ಅಂತ ಹೇಳಲೇ!”

ಏನಂತೆ ಎಂಬಂತೆ ಬಿಳಿಯ ನನ್ನ ಮುಖ ನೋಡಿದ. ಚಿಕ್ಕಮ್ಮನ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದೆ. ಮಾಲೀಕನ ಬ್ರಿಟಿಷ್ ಭಜನೆಯನ್ನೂ ಸೇರಿಸಿಯೇ ಹೇಳಿದೆ. ಸಾಹೇಬನ ಮುಖ ಕೆಂಪಾಯಿತು.

“ಈ ತಾಯಿ ಹೇಳುವುದೇ ಸರಿ. ನಾನು ಐರ್ಲೆಂಡಿನವನು. ಬ್ರಿಟಿಷರು ನಮ್ಮ ಹೊಲಗಳನ್ನೂ ಕಸಿದುಕೊಂಡಿದ್ದರು. ನಮ್ಮವರೂ ಅವರ ವಿರುದ್ಧ ಹೋರಾಡಿ ಸತ್ತಿದ್ದಾರೆ” ಎಂದವನೇ ಟೋಪಿ ತೆಗೆದು ಸಾಲಿನ ತುದಿಗೆ ಹೋಗಿ ನಿಂತ.

ಪಾತ್ರೆಯ ಕೊನೆಯ ರೊಟ್ಟಿ ಚಿಕ್ಕಮ್ಮನ ಜೋಳಿಗೆಗೆ ಬಿತ್ತು. ಉಳಿದವರು ಮುಂದಿನ ಮನೆಗೆ ಹೊರಟರು. ಚಿಕ್ಕಮ್ಮ ಅರ್ಧ ರೊಟ್ಟಿ ಮುರಿದು ಆ ಬಿಳಿಯನ ಕೈಗಿಟ್ಟಳು. “ತಿನ್ನಪ್ಪಾ, ನೀನೂ ಹಸ್ತೀದಿ.”

ಮಾಲೀಕನಿಗೆ ನಾಚಿಕೆಯಾಯಿತೇ? ತಲೆ ತಗ್ಗಿಸಿಕೊಂಡು ಹತ್ತಿರ ಬಂದಾಗ ಆಗಿರಬೇಕು ಅಂದುಕೊಂಡೆ. ಅವನು ನನ್ನ ಕಿವಿಯಲ್ಲಿ ಪಿಸುಗುಟ್ಟಿದ:

“ಅಂವ ಬ್ರಿಟಿಷ್ ಅಲ್ಲಂತ ಮೊದ್ಲೇ ಹೇಳಬಾರ್ದೇನ್ರಿ ಸರ್? ಸುಮ್ಮ ಸಲಾಂ ಹೊಡ್ದೆ!”

ಇಂಥವರನ್ನು ಆಳಲು ಬ್ರಿಟಿಷರು ಫೌಜು ಕಟ್ಟಿಕೊಂಡು ಸಮುದ್ರ ದಾಟಿ ಬರಬೇಕಿತ್ತೇ? ಒಂದು ಟೋಪಿ ಕಳಿಸಿದ್ದರೆ ಸಾಕಿತ್ತಲ್ಲ!