ದೂರಿಲ್ಲದ ಓಣಿ

ನನ್ನ ಸೋದರತ್ತೆಯ ಕನ್ನಡಕಕ್ಕೆ ಒಂದು ಕಡೆ ಕಡ್ಡಿ ಇರಲಿಲ್ಲ. ಅಲ್ಲಿ ಕೆಂಪು ಹೊಲಿಗೆ ದಾರ ಕಟ್ಟಿ ಕಿವಿಗೆ ಸುತ್ತಿಕೊಳ್ಳುತ್ತಿದ್ದರು. ಹೊಸದು ತಂದುಕೊಟ್ಟರೆ, ‘ಇದರಾಗ ಕಾಣಂಗಿಲ್ಲೇನು? ಕಾಣತೈತಿ. ಮತ್ಯಾಕ ಬದಲ್ ಮಾಡಬೇಕು?’ ಎಂದು ಪೆಟ್ಟಿಗೆಗೆ ಹಾಕುತ್ತಿದ್ದರು. ಯಾವುದಾದರೂ ಸಂಖ್ಯೆ ಕಿವಿಗೆ ಬಿದ್ದರೆ ಸಾಕು, ಬಲಗೈ ತೋರುಬೆರಳು ಎಡ ಅಂಗೈ ಮೇಲೆ ತಾನಾಗಿಯೇ ಓಡುತ್ತಿತ್ತು. ಸಿರುಗುಪ್ಪದಲ್ಲಿ ಹೆಣ್ಣುಮಕ್ಕಳಿಗೆ ಗಣಿತ ಕಲಿಸಿ ನಿವೃತ್ತರಾದವರು.

ಅವರ ಜೊತೆ ಮಾತಿಗಿಳಿಯುವುದು ಸುಲಭವಿರಲಿಲ್ಲ. ಮದುವೆ ಮನೆಯಲ್ಲಿ ಯಾರಾದರೂ ‘ಈ ವರ್ಷದಂಥ ಬಿಸಿಲು ಹುಟ್ಟಿದಾಗಿಂದ ನೋಡಿಲ್ಲ’ ಎಂದರೆ, ‘ಯಾರು ಅಳದಾರ?’ ಎಂದು ಕೇಳಿಬಿಡುವರು. ಊಟಕ್ಕೆ ಅವರ ಪಕ್ಕ ಕೂರಲು ಅಂಜುವ ನೆಂಟರಿದ್ದರು. ನಾನೂ ಒಬ್ಬ.

ಮಾವ ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಮೇಲ್ವಿಚಾರಕರಾಗಿದ್ದರು. ಹೊಟ್ಟಿನ ಧೂಳು ಕುಡಿದು ಕುಡಿದು ಅವರ ಎದೆ ಕೆಟ್ಟಿತು. ಬಳ್ಳಾರಿಯಲ್ಲಿ ಆಸ್ಪತ್ರೆಗೆ ಹತ್ತಿರ ಮನೆ ಮಾಡಿ, ಆಕ್ಸಿಜನ್ ಯಂತ್ರ ಹಚ್ಚಿಕೊಂಡಿರಬೇಕು ಎಂದರು ವೈದ್ಯರು. ಯಂತ್ರ ನಡೆಯುವುದು ಕರೆಂಟಿನ ಮೇಲೆ. ಅದು ಹೋದರೆ ಸಣ್ಣ ಸಿಲಿಂಡರ್ ಒಂದಿಷ್ಟು ಹೊತ್ತು ಬರುತ್ತದೆ, ಅಷ್ಟೆ. ಹಾಗಾಗಿ ಬಳ್ಳಾರಿಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಓಣಿ ಯಾವುದು ಎಂಬುದು ಅತ್ತೆಗೆ ಮಾವನ ಉಸಿರಿನ ಪ್ರಶ್ನೆಯಾಯಿತು.

ನಾನಿದ್ದದ್ದು ಗಾಂಧಿನಗರದಲ್ಲಿ; ನಮ್ಮ ಪಕ್ಕದಲ್ಲೇ ಇರಲಿ ಎಂದೆ. ಕಂಟೋನ್ಮೆಂಟ್ ವಾಸಿ, ಅಗಲ ರಸ್ತೆ, ಗಿಡಮರ ಎಂದರು ಉಳಿದವರು. ‘ನಿಮಗ ಅನಿಸಿದ್ದು ಬ್ಯಾಡ್ರಿ, ಗೊತ್ತಿದ್ದದ್ದು ಹೇಳ್ರಿ,’ ಎಂದ ಅತ್ತೆ ನನ್ನ ಲ್ಯಾಪ್‌ಟಾಪ್ ಮುಂದೆ ಕೂತರು. ಯಾರು ಬೇಕಾದರೂ ತೆರೆದು ನೋಡಬಹುದಾದ ಅಂಕಿಅಂಶ ಸರ್ಕಾರಿ ಜಾಲತಾಣಗಳಲ್ಲಿ ಇಷ್ಟೊಂದು ಬಿದ್ದಿದೆ ಎಂದು ನನಗೆ ತಿಳಿದದ್ದೇ ಆಗ. ನೀರು, ಧೂಳು, ಆಸ್ಪತ್ರೆಯ ದೂರ, ಎಲ್ಲಕ್ಕಿಂತ ಮುಖ್ಯವಾಗಿ ಯಾವ ಕಡೆಯಿಂದ ಕರೆಂಟಿನ ಬಗ್ಗೆ ಎಷ್ಟು ದೂರು ಬಂದಿವೆ ಎಂಬುದು. ಎಲ್ಲಕ್ಕೂ ಅಂಕ ಕೊಟ್ಟು, ಪರೀಕ್ಷೆಯ ಫಲಿತಾಂಶದ ಹಾಗೆ ಓಣಿಗಳನ್ನು ಸಾಲಾಗಿ ನಿಲ್ಲಿಸಿದರು. ನಾವು ಹೇಳಿದ ಓಣಿಗಳೆಲ್ಲ ದೂರುಗಳ ಭಾರಕ್ಕೆ ಕೆಳಗೆ ಇಳಿದವು. ಮೊದಲು ಬಂದದ್ದು ಆಸ್ಪತ್ರೆಯ ಹಿಂಬದಿಯ ಒಂದು ಓಣಿ. ಅಲ್ಲಿನವರು ಈಗಲೂ ನನಗೆ ಬೇಕಾದವರು, ಹೆಸರು ಬೇಡ. ಅಲ್ಲಿಂದ ಕರೆಂಟಿನ ಬಗ್ಗೆ ಒಂದೇ ಒಂದು ದೂರೂ ಇರಲಿಲ್ಲ.

ಅತ್ತೆ, ಮಾವ ಆ ಓಣಿಯಲ್ಲಿ ಮನೆ ಹೊಕ್ಕ ಮೇಲೆ ಮಳೆಗಾಲದ ಮುಂಚಿನ ಗಾಳಿ ಬೀಸಿತು. ಮಧ್ಯಾಹ್ನ ಹೋದ ಕರೆಂಟ್ ಸಂಜೆಯಾದರೂ ಬರಲಿಲ್ಲ. ನಾನು ಹೋಗಿ ತಲುಪುವಷ್ಟರಲ್ಲಿ ಎದುರುಮನೆಯವರು ತಮ್ಮ ಇನ್ವರ್ಟರಿನಿಂದ ರಸ್ತೆ ದಾಟಿಸಿ ವೈರ್ ಎಳೆದು ಮಾವನ ಯಂತ್ರಕ್ಕೆ ಜೋಡಿಸಿದ್ದರು.

‘ಹಿಂಗ ಆಗಾಗ ಹೋಗತೈತೇನ್ರಿ?’ ಅತ್ತೆ ಕೇಳಿದರು.

‘ಹೌದ್ರಿ ಟೀಚರ್, ಗಾಳಿ ಬಿಟ್ರ ಹೋದಂಗ,’ ಎಂದರು ಎದುರುಮನೆಯಾಕೆ. ‘ಕಂಬ ಭಾಳ ಹಳೇವು.’

‘ಮತ್ತ ದೂರು ಯಾಕ ಕೊಟ್ಟಿಲ್ಲ?’

‘ಅಯ್ಯ, ಲೈನ್‌ಮನ್ ನಮ್ಮ ಬಾದನಹಟ್ಟಿಯವನ ಅದಾನ್ರಿ. ಫೋನ್ ಹಚ್ಚಿದ್ರ ಉಣ್ಣೋ ತಾಟು ಬಿಟ್ಟು ಓಡಿ ಬರ್ತಾನ. ಅಂಥವನ ಮ್ಯಾಲೆ ಬರದು ಕೊಡಾಕ ಮನಸ್ಸು ಬರತೈತೇನ್ರಿ?’

ಆ ಓಣಿಯಲ್ಲಿ ಅರ್ಧಕ್ಕರ್ಧ ಮಂದಿ ಬಾದನಹಟ್ಟಿ, ಕುರುಗೋಡು ಕಡೆಯವರು. ದೂರು ಕೊಡುವುದೆಂದರೆ ಅವರ ಪಾಲಿಗೆ ತಮ್ಮವನ ಹೊಟ್ಟೆಯ ಮೇಲೆ ಹೊಡೆದ ಹಾಗೆ.

ಅತ್ತೆ ಮಾವನ ಮಂಚದ ಅಂಚಿಗೆ ಕೂತರು. ‘ಸೊನ್ನಿ ಅಂದ್ರ ಏನೂ ಇಲ್ಲ ಅಂತ ಜೀವಮಾನ ಪೂರ್ತಿ ಕಲಿಸಿದೆ,’ ಎಂದರು. ‘ಯಾರೂ ಹೇಳಿಲ್ಲ ಅಂತನೂ ಆಗತೈತಿ.’

ಮಾವ ಮೂಗಿನ ನಳಿಕೆ ಸರಿಮಾಡಿಕೊಂಡು, ‘ಇರ್ಲಿ ಬಿಡು. ಫಸ್ಟ್ ಬಂದ ಓಣ್ಯಾಗ ಸಾಯೋ ಪುಣ್ಯ ಎಷ್ಟ್ ಮಂದಿಗೆ ಐತಿ?’ ಎಂದರು. ಅತ್ತೆ ನಗಲಿಲ್ಲ.

ಬೇರೆಯವರಾಗಿದ್ದರೆ ಮನೆ ಬದಲಿಸುತ್ತಿದ್ದರು, ಇಲ್ಲವೇ ಓಣಿಯವರ ಒಳ್ಳೆಯತನ ಹೊಗಳಿ ಸುಮ್ಮನಾಗುತ್ತಿದ್ದರು. ಅತ್ತೆ ಮರುದಿನವೇ ದೂರು ಬರೆದರು. ಆಮೇಲೆ ಕರೆಂಟ್ ಹೋದಾಗಲೆಲ್ಲ ಬರೆದರು. ಮೇಲಿನವರು ಲೈನ್‌ಮನ್‌ನನ್ನು ಕರೆಸಿ ಕೇಳಿದರು. ತಲೆ ನೆರೆತ, ಮಗಳ ಮದುವೆ ಮಾಡಿದ ಮನುಷ್ಯ. ಬಾಗಿಲಲ್ಲಿ ಬಂದು ನಿಂತು, ‘ನಾ ಏನು ಕಡಿಮಿ ಮಾಡಿದ್ನಿರಿ ಟೀಚರ್?’ ಎಂದ.

‘ನೀ ಏನೂ ಮಾಡಿಲ್ಲಪ್ಪ. ಕಂಬ ಕೆಟ್ಟೈತಿ ಅಂತ ಬರದೀನಿ. ನಿನ್ನ ಹೆಸರು ಎಲ್ಲೂ ಇಲ್ಲ.’

ಅವನು ಒಳಗೆ ಬರದೆ ಹೋದ. ‘ಉಂಡ ಮನಿ ಜಂತಿ ಎಣಿಸಿದ್ಲು’ ಎಂಬ ಮಾತು ಓಣಿಯಲ್ಲಿ ಹರಿದಾಡಿತು. ಎದುರುಮನೆಯವರು ಮಾತು ಬಿಟ್ಟರು, ವೈರ್ ಮಾತ್ರ ಬಿಚ್ಚಲಿಲ್ಲ. ಅತ್ತೆಗೆ ನೋವಾಯಿತು, ಅದು ಮುಖದಲ್ಲೇ ಕಾಣುತ್ತಿತ್ತು. ಸಾಕು ಮಾಡಿ ಎಂದೆ. ‘ಇವರ ಸಿಟ್ಟು ನಾ ತಡಕೊಂತೀನಿ ಲೇ. ನಿಮ್ಮ ಮಾವಗ ಉಸಿರು ತಡಕೊಳ್ಳಾಕ ಆಗಂಗಿಲ್ಲ,’ ಎಂದರು.

ಮಳೆಗಾಲ ಕಳೆದು ಹೊಸ ಕಂಬ ಬಂದವು, ಹೊಸ ತಂತಿ ಬಂತು. ಅತ್ತೆ ಮತ್ತೆ ಲೆಕ್ಕ ಹಾಕಿದರು. ತಾವೇ ಬರೆದ ದೂರುಗಳೆಲ್ಲ ಸೇರಿ ಓಣಿಯನ್ನು ಸಾಲಿನ ಕಟ್ಟಕಡೆಗೆ ನೂಕಿದ್ದವು. ‘ಫೇಲ್ ಆತು ಲೇ ನಮ್ಮ ಓಣಿ!’ ಎಂದು ಫೋನಿನಲ್ಲಿ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಕೇಳಿದ್ದು ಕಡಿಮೆ. ಕರೆಂಟ್ ಅಪರೂಪಕ್ಕೆ ಹೋಗುವಂತಾಯಿತು, ಎದುರುಮನೆಯಾಕೆ ನಿಧಾನಕ್ಕೆ ಮತ್ತೆ ಮಾತಾಡಿದರು, ಮಾವ ಅಲ್ಲಿ ಇನ್ನೂ ಕೆಲವು ಬೇಸಿಗೆ ಕಂಡರು. ಲೈನ್‌ಮನ್ ಮಾತ್ರ ಆ ಮನೆಯ ಕಡೆ ನೋಡುತ್ತಿರಲಿಲ್ಲ.

ಈಗ ಅತ್ತೆಯೂ ಇಲ್ಲ. ಅವರ ಲೆಕ್ಕಗಳು ನನ್ನ ತಲೆಗೆ ಹತ್ತಲಿಲ್ಲ. ನಾನು ಅವರಿಂದ ಏನಾದರೂ ಕಲಿತಿದ್ದರೆ ಅದು ಮಾವ ತೀರಿಕೊಂಡ ಬೆಳಿಗ್ಗೆ.

ಹಿಂದಿನ ಸಂಜೆ ಗಾಳಿಗೆ ಸ್ವಲ್ಪ ಹೊತ್ತು ಕರೆಂಟ್ ಹೋಗಿತ್ತು. ಅದಕ್ಕೇ ಹಿಂಗಾಯಿತು ಎಂದು ಸಾವಿನ ಮನೆಯಲ್ಲಿ ಪಿಸುಮಾತು ಸುರುವಾಯಿತು. ಸುದ್ದಿ ಕೇಳಿ ಬಂದ ಲೈನ್‌ಮನ್ ಗೇಟಿನ ಹೊರಗೇ ತಲೆ ತಗ್ಗಿಸಿ ನಿಂತಿದ್ದ. ಅತ್ತೆ ಮಾವನ ಪಕ್ಕದಿಂದ ಎದ್ದು ನೇರ ಅವನ ಹತ್ತಿರ ನಡೆದರು. ಏನಂದುಬಿಡುತ್ತಾರೋ ಎಂದು ನಾನು ಹಿಂದೆಯೇ ಹೋದೆ.

‘ನಿನ್ನಿ ಕರೆಂಟ್ ಹೋದಾಗ ಎದುರುಮನಿ ವೈರ್ ಇತ್ತು, ಮಷಿನ್ ನಿಂದರಲಿಲ್ಲ,’ ಎಂದರು ಎಲ್ಲರಿಗೂ ಕೇಳುವಂತೆ. ‘ಮುಂಜಾನಿ ಅವರು ಹೋಗೋ ಹೊತ್ತಿಗೆ ಕರೆಂಟ್ ಇತ್ತು. ಮಷಿನ್ ನಡದಿತ್ತು. ನಾ ಪಕ್ಕದಾಗ ಕುಂತು ನೋಡೀನಿ. ಅವರ ಉಸಿರು ಮುಗದಿತ್ತಪ್ಪ. ನಿಂದೇನೂ ತಪ್ಪಿಲ್ಲ. ಬಾ, ಒಳಗ ಬಂದು ಮಾರಿ ನೋಡು.’

ಅವನು ಗೇಟು ಹಿಡಿದುಕೊಂಡು ಗಟ್ಟಿಯಾಗಿ ಅತ್ತ. ಪಿಸುಮಾತು ನಿಂತಿತು. ಅವನನ್ನು ಕೈಹಿಡಿದು ಒಳಗೆ ಕರೆತಂದು ಕೂರಿಸಿದ ಮೇಲೆಯೇ ಅತ್ತೆಗೆ ಅಳು ಬಂದದ್ದು.